ಬೋರ್ಡಿನ ಲೆಕ್ಕಕ್ಕೆ ಸೇರಿದ ಸಾಂಬಾರು

ಇಟ್ಟದ್ದನ್ನು ಇಟ್ಟ ಹಾಗೆ ಬಿಡುವ ಗುಣವನ್ನು ದೇವರು ನನಗೆ ಕೊಡಲಿಲ್ಲ. ಗೋಡೆಯ ಕ್ಯಾಲೆಂಡರು ನೇರವಾಗಿದ್ದರೂ ಒಮ್ಮೆ ಓರೆ ಮಾಡಿ ಮತ್ತೆ ನೇರ ಮಾಡಿದರೇ ಸಮಾಧಾನ. ಯಾರನ್ನೂ ಕೇಳದೆ ಕೈಯಾಡಿಸುವ ಈ ಚಾಳಿಗೆ ಇಷ್ಟು ಕಾಲ ಚುರುಕುತನವೆಂದು ಹೆಸರಿಟ್ಟಿದ್ದೆ. ನನ್ನ ತಂಗಿ ಸುಜಾತ ಇಟ್ಟಿರುವ ಹೆಸರು ಬೇರೆ. ಅದನ್ನು ಇಲ್ಲಿ ಬರೆಯುವುದು ಬೇಡ.

ನಾವು ಕುಂದಾಪುರದ ಕಡೆಯವರು. ನಾನು ಏಳನೆಯ ತರಗತಿ ಮುಗಿಸಿದವನೇ ಚೆನ್ನೈಗೆ, ಪೆರಂಬೂರಿನಲ್ಲಿ ಅಪ್ಪ ಇಟ್ಟಿದ್ದ ಹೋಟೆಲಿಗೆ ಬಂದೆ; ಅಪ್ಪನ ನಂತರ ಅದನ್ನು ನಡೆಸುತ್ತಿರುವವನು ನಾನೇ. ಸುಜಾತ ಇಲ್ಲೇ ಓದಿ ಈಗ ಊರಿನ ಇನ್ನೊಂದು ತುದಿಯ ಪೆರುಂಗುಡಿಯಲ್ಲಿ, ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಸಾಫ್ಟ್‌ವೇರಿನಲ್ಲಿ ಯಾರು ಏನನ್ನು ಬದಲಿಸಬಹುದು ಎಂದು ಕಟ್ಟಳೆ ಹಾಕುವುದು ಅವಳ ಉದ್ಯೋಗ. ಅಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಟೈಪ್ ಇರುತ್ತದಂತೆ. ಆ ಟೈಪಿನದನ್ನು ಯಾರು ಮುಟ್ಟಬಹುದು, ಯಾರ ಒಪ್ಪಿಗೆ ಬೇಕು, ಬದಲಾದ ಮೇಲೆ ಅದು ಎಲ್ಲಿಗೆ ಹೋಗಬೇಕು, ಎಲ್ಲವನ್ನೂ ಅಡ್ಮಿನ್ ಆದವರು ಮೊದಲೇ ಸೆಟ್ ಮಾಡಿಡಬೇಕಂತೆ.

ಕೇಳಿ ನನಗೆ ನಗು ಬಂತು. ಇದಕ್ಕೆ ಕಾಲೇಜು ಯಾಕೆ? ಅಮ್ಮನ ಅಡುಗೆಮನೆಯಲ್ಲಿ ಇದೆಲ್ಲ ಇತ್ತಲ್ಲ! ಉಪ್ಪಿನಕಾಯಿ ಭರಣಿಯನ್ನು ಮಿಂದವರೇ ಮುಟ್ಟಬೇಕು. ಒದ್ದೆ ಕೈ ಹಾಕಿದರೆ ಬೆನ್ನಿಗೆ ಬೀಳುತ್ತಿತ್ತು. ಮಜ್ಜಿಗೆ ಪಾತ್ರೆ ಊರಿಗೆಲ್ಲ ಮುಕ್ತ. ಹಬ್ಬದ ಹೋಳಿಗೆಗೆ ದೇವರ ಒಪ್ಪಿಗೆ ಆಗಬೇಕು; ಪುಣ್ಯಕ್ಕೆ ದೇವರು ಬೇಗ ಒಪ್ಪುತ್ತಿದ್ದ. ಅಮ್ಮನೂ ಅಡ್ಮಿನ್ನೇ, ಸಂಬಳ ಮಾತ್ರ ಇರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಸುಜಾತ ನಮ್ಮ ಹೋಟೆಲಿಗೂ ಅಂಥದ್ದೊಂದು ಪುಟ್ಟ ವ್ಯವಸ್ಥೆ ಮಾಡಿ ಫೋನಿಗೆ ಹಾಕಿಕೊಟ್ಟಳು. ಅದರಲ್ಲಿ ಎರಡೇ ಟೈಪು. ‘ಬೋರ್ಡು’ ಅಂದರೆ ಬಾಗಿಲ ಬಳಿಯ ಟಿವಿಯಲ್ಲಿ ಕಾಣಿಸುವಂಥದ್ದು. ವಡೆ ಖಾಲಿ ಎನ್ನಲು ಯಾರ ಒಪ್ಪಿಗೆಗೆ ಕಾಯುವುದು? ನಾನು ತಮಿಳಿನಲ್ಲಿ ಬರೆದದ್ದು ನೇರ ಟಿವಿಗೆ. ‘ಅಡುಗೆ’ ಅಂದರೆ ಅಮ್ಮನ ಅಳತೆಗಳು. ಅವು ಬದಲಾಗಬೇಕಾದರೆ ಸುಜಾತಳೂ ಒಪ್ಪಬೇಕು.

“ಉಳ್ದದ್ದ್ ಎಂತ ಬೇಕಾರೂ ಮಾಡ್ ಅಣ್ಣಯ್ಯ. ಅಮ್ಮನ ಕೈರುಚಿ ಒಂದ್ ನಂಗ್ ಹೇಳ್ದೆ ಬದಲ್ ಮಾಡ್ಬೇಡ,” ಎಂದಿದ್ದಳು. ಅವಳು ನನ್ನಿಂದ ಕೇಳಿಕೊಂಡದ್ದು ಅದೊಂದನ್ನೇ.

ಆದರೆ ನಮ್ಮ ಊರಿನ ಸಾಂಬಾರಿಗೆ ಬೆಲ್ಲ ಬೀಳುತ್ತದೆ, ಪೆರಂಬೂರಿನ ನಾಲಗೆಗೆ ಅದು ಸೇರುವುದಿಲ್ಲ. ದಿನಾ ಇಡ್ಲಿಗೆ ಬರುವ ನಿವೃತ್ತ ರೈಲ್ವೆ ಯಜಮಾನರೊಬ್ಬರು ದಿನಾ ಕೇಳುತ್ತಿದ್ದರು: “ತಂಬಿ, ಇದು ಸಾಂಬಾರಾ, ಪಾಯಸಮಾ?” ನನ್ನ ಕೈ ತುರಿಸತೊಡಗಿತು. ತಂಗಿಯನ್ನು ಕೇಳಿದರೆ ಒಪ್ಪಲಾರಳು. ಕೇಳದೆ ಮಾಡೋಣವೆಂದರೆ ಅಡುಗೆ ಭಟ್ಟರು ಫೋನಿನಲ್ಲಿ ಇಲ್ಲದ ಅಳತೆಯನ್ನು ಹಾಕುವವರಲ್ಲ. ಫೋನನ್ನು ಒತ್ತಿ ಒತ್ತಿ ನೋಡುವಾಗ ಒಂದು ಸಂದು ಸಿಕ್ಕಿತು. ಸಾಂಬಾರನ್ನೇ ‘ಅಡುಗೆ’ಯಿಂದ ತೆಗೆದು ‘ಬೋರ್ಡು’ ಟೈಪಿಗೆ ಸೇರಿಸಿಬಿಟ್ಟರೆ ಒಪ್ಪಿಗೆಯ ಗೋಜೇ ಇಲ್ಲ! ಆ ದಾರಿಯನ್ನು ಮುಚ್ಚಲು ಅವಳು ಮರೆತಿದ್ದಳೋ, ಅಣ್ಣ ಅಷ್ಟು ದೂರ ಹೋಗಲಾರ ಎಂದು ನಂಬಿದ್ದಳೋ. ಸೇರಿಸಿದೆ. ಬೆಲ್ಲ ತೆಗೆದೆ. ಬದಲಾವಣೆಗೆ ಕಾರಣ ಬರೆಯದೆ ಫೋನು ಮುಂದೆ ಹೋಗಲೊಲ್ಲದು. ಬಸ್ಸಿನ ಬೋರ್ಡು ಓದಿ ಕಲಿತ ತಮಿಳಿನಲ್ಲಿ ನಿಜವನ್ನೇ ಬರೆದೆ: “ತಂಗಚ್ಚಿ ಒತ್ತುಕ್ಕ ಮಾಟ್ಟಾ.” ಅಂದರೆ, ತಂಗಿ ಒಪ್ಪುವುದಿಲ್ಲ.

ಬೋರ್ಡಿಗೆ ಸೇರಿದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಆ ಹೊತ್ತಿಗೆ ನನ್ನ ತಲೆಗೆ ಹೊಳೆಯಲಿಲ್ಲ.

ಅದು ಭಾನುವಾರ. ಟಿವಿಯ ಮುಂದೆ ಗಿರಾಕಿಗಳು ನಿಂತು ನಗುತ್ತಿದ್ದರು. ಒಂದೊಂದು ತಮಿಳು ಅಕ್ಷರ ಇಡ್ಲಿಯಷ್ಟು ದಪ್ಪ: ‘ಸಾಂಬಾರ್, ಬೆಲ್ಲ ಇಲ್ಲ, ತಂಗಿ ಒಪ್ಪುವುದಿಲ್ಲ.’ ಯಜಮಾನರಂತೂ, “ಮನೆ ಜಗಳಕ್ಕೆ ಟಿವಿಯಾ ತಂಬಿ?” ಎಂದು ತಮಿಳಿನಲ್ಲಿ ಕೇಳಿ ನಕ್ಕರು. ನಗದೆ ನಿಂತವಳು ಒಬ್ಬಳೇ, ತಿಂಡಿಗೆ ಬಂದಿದ್ದ ಸುಜಾತ.

ಬಯ್ಯಲಿಲ್ಲ. ಇಡ್ಲಿಯನ್ನು ಆ ಸಾಂಬಾರಿನಲ್ಲಿ ಅದ್ದಿ ತಿಂದಳು. ಆಮೇಲೆ, ನಾನು ಕೇಳದೆ ಹೋದದ್ದನ್ನೇ ಎತ್ತಿ, “ಕೇಂಡಿದ್ರೆ ನಾ ಬ್ಯಾಡ ಅಂತಿದ್ನಾ ಅಣ್ಣಯ್ಯ? ನೀ ಕೇಣ್ಲೇ ಇಲ್ಲ ಅಲ್ದಾ,” ಎಂದು ಫೋನು ತೆಗೆದಳು. ಇನ್ನು ನನಗೆ ಎಲ್ಲದಕ್ಕೂ ಬೀಗ ಎಂದುಕೊಂಡೆ. ಅವಳು ಮಾಡಿದ್ದು ಅದಕ್ಕಿಂತ ಕಠಿಣ. ಸಾಂಬಾರನ್ನು ಬೆಲ್ಲದ ಸಮೇತ ಮತ್ತೆ ‘ಅಡುಗೆ’ಗೆ ಸೇರಿಸಿ, ಒಪ್ಪಿಗೆ ಕೊಡುವವರ ಜಾಗದಿಂದ ತನ್ನ ಹೆಸರನ್ನು ತೆಗೆದುಹಾಕಿದಳು. “ಇನ್ನ್ ನಿಂಗ್ ಯಾರ್ನೂ ಕೇಂಬ್ದ್ ಬ್ಯಾಡ,” ಎಂದು ಕೈ ತೊಳೆದು ಹೊರಟಳು.

ಬೀಗವಿದ್ದಾಗ ಸಂದು ಹುಡುಕುವುದು ಸುಲಭ. ಬಾಗಿಲು ಹಾರುಹೊಡೆದಿದ್ದರೆ ಕಳ್ಳನಾದರೂ ಏನು ಮಾಡಿಯಾನು? ಮರುದಿನದಿಂದ ನಾನೇ ಅವಳಿಗೆ ಫೋನು ಮಾಡತೊಡಗಿದೆ. ಚಟ್ನಿಗೆ ಶುಂಠಿ ಹಾಕಲಾ, ರಸಂಗೆ ಮೆಣಸು ಸ್ವಲ್ಪ ಏರಿಸಲಾ ಎಂದು ಕೇಳುವುದು. ಮೊದಮೊದಲು ಹ್ಞೂಂ, ಊಹ್ಞೂಂ ಅಷ್ಟೇ. ಮೊನ್ನೆ ಬಾಯಿಬಿಟ್ಟು ಬೈದಳು: “ಮೀಟಿಂಗಲ್ ಇದ್ದೆ ಮಾರಾಯಾ! ಕೊತ್ತಂಬರಿ ಸೊಪ್ಪಿಗೂ ನನ್ನ ಕೇಂತ್ಯಾ?” ಆ ಬೈಗುಳ ಕಿವಿಗೆ ನಾದಸ್ವರದ ಹಾಗಿತ್ತು. ಧೈರ್ಯ ಮಾಡಿ ಬೆಲ್ಲದ ಮಾತೆತ್ತಿದೆ. “ಅರ್ಧ ಕಮ್ಮಿ ಮಾಡ್, ಕಾಂಬ,” ಎಂದಳು.

ನೋಡೋಣ ಎಂದಳಲ್ಲ, ಒಪ್ಪಿಗೆ ಸಿಕ್ಕಿತು. ಭಟ್ಟರ ಮುಂದೆ ನಿಂತು ಅಮ್ಮನ ಅಳತೆಯ ಬೆಲ್ಲದಲ್ಲಿ ಅರ್ಧವನ್ನು ಒಡೆದು ಕೈಯಲ್ಲಿ ಹಿಡಿದೆ. ತೆಗೆದಿಡಲು ಮನಸ್ಸೇ ಬರಲಿಲ್ಲ. ಅದನ್ನೂ ಹಂಡೆಗೆ ಹಾಕಿದೆ. ಹಾಕಿದ ಮೇಲೆ ನೆನಪಾಯಿತು, ಇದನ್ನೂ ಅವಳಿಗೆ ಹೇಳಬೇಕು.