ಬಾವಿಯ ಏಣಿಗೆ ಬಳಿದ ಬಣ್ಣ

ನಮ್ಮ ಹೊಲ ಗಲಗಲಿಯ ಹತ್ತಿರ, ಕೃಷ್ಣಾ ನದಿಯ ದಂಡೆಗಿದೆ. ಹೊಲದ ಬಾವಿಯ ನೀರು ನದಿಯ ಜೊತೆಗೇ ಏರುತ್ತದೆ, ಇಳಿಯುತ್ತದೆ. ಹಿನ್ನೀರು ಬಂದಾಗ ಬಾವಿಯೊಳಗಿನ ಕಬ್ಬಿಣದ ಏಣಿ ಅರ್ಧಕ್ಕಿಂತ ಹೆಚ್ಚು ಮುಳುಗಿರುತ್ತದೆ. ಬೇಸಿಗೆಯಲ್ಲಿ ಮೆಟ್ಟಿಲುಗಳು ಒಂದೊಂದಾಗಿ ಹೊರಗೆ ಬರುತ್ತವೆ. ಹೋದ ವರ್ಷ ಅವು ಹಾಗೆ ಹೊರಗೆ ಬರುವುದನ್ನು ನೋಡಿ ನೋಡಿ ನನಗೆ ಅನ್ನ ಇಳಿಯದಾಯಿತು. ಕಾರಣ ಯಾರಿಗೂ ಹೇಳಲಿಲ್ಲ.

ಅದರ ಹಿಂದಿನ ಬೇಸಿಗೆಯಲ್ಲಿ ಆ ಏಣಿಗೆ ಬಣ್ಣ ಹಚ್ಚುವ ಕೆಲಸವನ್ನು ತಮ್ಮ ನನಗೆ ಒಪ್ಪಿಸಿದ್ದ. ಅವನು ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯೊಂದಕ್ಕೆ ಹೋಗುತ್ತಾನೆ. ಕಬ್ಬು ನುರಿಸುವುದು ನಿಂತ ಮೇಲೆ ಅಲ್ಲಿ ಯಂತ್ರಗಳ ತುಕ್ಕು ಕೆರೆದು ಬಣ್ಣ ಬಳಿಯುವುದೇ ಅವನ ಕೆಲಸ. ನಮ್ಮ ಮೋಟಾರಿನ ಪೈಪಿನ ಬುಡಕ್ಕೆ ಕಸ ಸಿಕ್ಕಿದಾಗ ಬಾವಿಗೆ ಇಳಿಯುವವನೂ ಅವನೇ. ಬಣ್ಣದ ಡಬ್ಬಿ, ತಂತಿಯ ಬ್ರಷ್ಷು ತಂದುಕೊಟ್ಟು ಹೇಳಿದ:

“ಅಕ್ಕಾ, ಮೊದಲ ಜಂಗ ಪೂರಾ ಕೆರಿ. ಬೆಳ್ಳಗ ಕಬ್ಬಿಣ ಕಾಣಬೇಕು. ಆಮ್ಯಾಲ ಬಣ್ಣಾ. ನೀರ ಏರಿ ಇಳಿಯೂ ಜಾಗಾ ಐತೆಲ್ಲಾ, ಅಲ್ಲೇ ಜಾಸ್ತಿ ತಿಂತೈತಿ.”

“ಯಾವಾಗ್ಲೂ ನೀರಾಗ ಇರೂದಕ್ಕಿಂತಾ?”

“ಬರೇ ನೀರ ಇದ್ರ ಸಾಲೂದಿಲ್ಲ. ಆಕ್ಸಿಜನ್ನೂ ಬೇಕು. ತೊಯ್ದು ಗಾಳಿಗೆ ಬಿದ್ದಲ್ಲೆ ಎರಡೂ ಕೂಡತಾವು.”

ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಆಕ್ಸಿಜನ್ ಎಂದರೆ ಆಸ್ಪತ್ರೆಯಲ್ಲಿ ಮೂಗಿಗೆ ಹಚ್ಚುವುದು, ಅಷ್ಟೇ ಗೊತ್ತು.

“ಕಬ್ಬಿಣಕ್ಕ ಎಲ್ಲಿ ಮೂಗ ಐತೋ ಹುಚ್ಚಾ?”

“ನಿಂದಕ್ಕಿಂತಾ ದೊಡ್ಡದೈತಿ. ನೀ ಸುಮ್ನ ಕೆರಿ.”

ಮೇಲಿನ ಮೆಟ್ಟಿಲುಗಳನ್ನು ನಿಷ್ಠೆಯಿಂದ ಕೆರೆದೆ. ಕೆಳಗಿಳಿದಂತೆ ಎರಡೂ ಕೈಯಿಂದ ಏಣಿಯನ್ನು ಅಪ್ಪಿಕೊಂಡೆ. ಕೆರೆಯಬೇಕಾದರೆ ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದರಲ್ಲಿ ಜೋರು ಹಾಕಬೇಕು. ಕೆಳಗೆ ಕಪ್ಪು ನೀರು. ಮೇಲಕ್ಕೆ ಬಂದು ಬಣ್ಣದ ಬ್ರಷ್ಷನ್ನು ಉದ್ದನೆಯ ಕೋಲಿಗೆ ಕಟ್ಟಿದೆ. ಮೇಲಿನ ಮೆಟ್ಟಿಲಲ್ಲಿ ಕುಳಿತು ಕೋಲಿಗೆ ಎಟುಕಿದಷ್ಟು ಬಳಿದುಬಿಟ್ಟೆ. ಕೋಲಿನಿಂದ ಬಣ್ಣ ಹಚ್ಚಬಹುದು, ತುಕ್ಕು ಕೆರೆಯಲಾಗುವುದಿಲ್ಲ. ಆ ಬಣ್ಣವೂ ತುಕ್ಕಿನ ಹಾಗೆ ಕೆಂಪು. ಸಂಜೆ ತಮ್ಮ ಬಗ್ಗಿ ನೋಡಿ, ಪಕ್ಕದ ಹೊಲದವರಿಗೆ ಕೇಳುವಂತೆ, “ನಮ್ಮಕ್ಕನ ಕೆಲಸ ನೋಡ್ರಿ, ಕಾರ್ಖಾನ್ಯಾಗ ನಮ್ಮ ಮಂದೀನೂ ಹಿಂಗ ಮಾಡೂದಿಲ್ಲ” ಎಂದ. ನಾನು ಸುಮ್ಮನೆ ನಕ್ಕೆ. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು.

ಹಿನ್ನೀರು ಏರಿದ್ದಷ್ಟು ಕಾಲ ನಿದ್ದೆ ಬಂತು. ಮುಳುಗಿದ ಏಣಿಗೆ ಯಾರೂ ಇಳಿಯುವುದಿಲ್ಲ. ನೀರು ತಗ್ಗಿದ ಮೇಲೆ ಒಂದು ದಿನ ಹೋಗಿ ನೋಡಿದರೆ ಬಣ್ಣ ಗುಳ್ಳೆ ಎದ್ದಿತ್ತು. ಕೋಲಿನಿಂದ ಒಂದು ಗುಳ್ಳೆ ಮುಟ್ಟಿದೆ. ಅದು ಒಡೆದು ಕಂದು ನೀರು ಇಳಿಯಿತು, ಹಿಂದೆಯೇ ಕಬ್ಬಿಣ ಪದರು ಪದರಾಗಿ ಉದುರಿತು. ಬಣ್ಣದ ಕೆಳಗೆ ತುಕ್ಕು ಸುಮ್ಮನೆ ಕೂತಿರಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ನಾಳೆಯೂ ಹಾಗೇ ಅಂದುಕೊಂಡೆ.

ಒಂದು ಮುಂಜಾನೆ ಮೇವು ಕೊಯ್ಯುತ್ತಿದ್ದೆ. ಮೋಟಾರಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ತಲೆಯೆತ್ತಿದರೆ ಬಾವಿಯ ದಂಡೆಯಲ್ಲಿ ತಮ್ಮನ ಚಪ್ಪಲಿ ಕಂಡವು. ಓಡಿ ಹೋಗಿ ಬಗ್ಗಿದರೆ ಅವನು ಆಗಲೇ ತಳದಲ್ಲಿದ್ದ, ಸೊಂಟದವರೆಗಿನ ನೀರಿನಲ್ಲಿ ಪೈಪು ಹಿಡಿದು ನಿಂತಿದ್ದ.

“ಲೇ ತಮ್ಮಾ, ಏಣಿ ಹತ್ತಬ್ಯಾಡ! ಅಲ್ಲೇ ನಿಲ್ಲು!”

“ಯಾಕ, ಹಾವ ಬಂದೈತೇನ?”

“ಹಾವಲ್ಲೋ. ನಾ ಜಂಗ ಕೆರದಿಲ್ಲ. ಮ್ಯಾಲ ಬಣ್ಣಾ ಅಷ್ಟ ಹಚ್ಚೇನಿ.”

ಅವನು ನಕ್ಕ. “ಚ್ಯಾಷ್ಟಿ ಬ್ಯಾಡಬೇ, ನನಗ ಡ್ಯೂಟಿಗೆ ಹೊತ್ತಾಗೇತಿ.” ನಗುತ್ತಲೇ ನಟ್ಟು ಬಿಚ್ಚುವ ಪಾನಾದಿಂದ ತಲೆಯ ಮೇಲಿನ ಮೆಟ್ಟಿಲಿಗೆ ಬಡಿದ. ಕಬ್ಬಿಣ ಠಣ್ ಎನ್ನಬೇಕಿತ್ತು. ಒಣಗಿದ ಕಟಕ್ ರೊಟ್ಟಿ ಮುರಿದಂಥ ಸದ್ದಾಯಿತು. ತುಂಡು ನೀರಿಗೆ ಬಿತ್ತು. ಅವನ ನಗು ನಿಂತಿತು. ಅದೇ ಮೆಟ್ಟಿಲು ತುಳಿದೇ ಅವನು ಕೆಳಗಿಳಿದಿದ್ದ.

“ಯಾವ್ಯಾವು ಕೆರದಿ, ಅಷ್ಟ ಹೇಳು. ಅವನ್ನಽ ಹಿಡದ ಬರ್ತೇನಿ.”

ನೋಡಿದೆ. ಎಲ್ಲವೂ ಒಂದೇ ಕೆಂಪು. ಎಲ್ಲಿಗೆ ಕೆರೆಯುವುದು ಬಿಟ್ಟೆನೋ ನೆನಪಾಗಲಿಲ್ಲ.

“ಗೊತ್ತಿಲ್ಲೋ” ಎಂದೆ. ಬಾವಿಯೊಳಗೆ ಆ ಮಾತು ಬಹಳ ದೊಡ್ಡದಾಗಿ ಕೇಳಿಸಿತು.

ಎತ್ತಿನ ಹಗ್ಗ ತಂದು ಕೆಳಗೆ ಬಿಟ್ಟೆ. ಅವನು ನಡುವಿಗೆ ಬಿಗಿದುಕೊಂಡ. ನಾನು ದಂಡೆಯ ಬೇವಿನ ಮರಕ್ಕೆ ಸುತ್ತು ಹಾಕಿ, ಅವನು ಹತ್ತಿದಷ್ಟು ಹಗ್ಗ ಎಳೆದುಕೊಳ್ಳುತ್ತ ಹೋದೆ. ಅರ್ಧದಲ್ಲಿ ಒಂದು ಮೆಟ್ಟಿಲು ಕಿತ್ತುಬಂತು. ಹಗ್ಗ ಜಗ್ಗಿ ನನ್ನ ಅಂಗೈ ಸುಲಿಯಿತು. ಅವನು ಕಲ್ಲುಗೋಡೆಗೆ ಬಡಿದು ಜೋತಾಡಿದ. ನಾನು ಕೈ ಬಿಡಲಿಲ್ಲ.

ಮತ್ತೆ ಏಣಿ ಹಿಡಿದು ಮೇಲೆ ಬಂದು ನೆಲಕ್ಕೆ ಕುಳಿತ. ಮೊಣಕೈಯಿಂದ ರಕ್ತ ಸೋರುತ್ತಿತ್ತು. ನಾನು ಸೆರಗು ಹರಿದು ಕಟ್ಟಲು ಹೋದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ.

“ಇಲ್ಲಿ ಇಳಿಯಾಂವ ನಾ ಒಬ್ಬನಽ ಅಂತ ನಿನಗ ಗೊತ್ತಿತ್ತಲ್ಲ ಅಕ್ಕಾ?”

“ಗೊತ್ತಿತ್ತು.”

ಅವನು ಬೈದಿದ್ದರೆ ಚೆನ್ನಾಗಿತ್ತು. ಎದ್ದು ಚಪ್ಪಲಿ ಮೆಟ್ಟಿಕೊಂಡು, ಒದ್ದೆ ಬಟ್ಟೆಯಲ್ಲೇ ಮನೆಯ ಕಡೆ ನಡೆದ. ಈಗ ಹೊಸ ಏಣಿ ಬಂದಿದೆ. ಅದನ್ನು ಅವನೇ ಕೆರೆದ, ಅವನೇ ಬಣ್ಣ ಹಚ್ಚಿದ. ನಾನು ಡಬ್ಬಿ ಹಿಡಿದುಕೊಳ್ಳಲೇ ಎಂದು ಕೇಳಿದ್ದಕ್ಕೆ, “ಬ್ಯಾಡ, ನೀ ಮನೀಗೆ ಹೋಗು” ಎಂದ.