ಅರವತ್ತನೇ ಮೀಟರಿನ ಬಡಿತ

ಚಹಾ ಕಪ್ಪು ಹಿಡಿದುಕೊಂಡು ಆ ಪರದೆಯ ಮುಂದೆ ನಾನು ಕುಣಿದದ್ದು ನೆನಪಾದರೆ, ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಹತ್ತು ವರ್ಷದ ಹಿಂದಿನ ಮಾತು. ಚಿಕ್ಕೋಡಿ ಕಡೆಯ ಒಂದು ಖಡಿ ಮಷಿನ್‌ನಲ್ಲಿ, ಅಂದರೆ ಜಲ್ಲಿ ಒಡೆಯುವ ಘಟಕದಲ್ಲಿ, ನಾನು ಸೂಪರ್‌ವೈಸರ್. ಒಡೆದ ಕಲ್ಲು ಉದ್ದನೆಯ ಬೆಲ್ಟಿನ ಮೇಲೆ ಸಾಗುತ್ತಿತ್ತು. ದೊಡ್ಡ ಗಣಿಗಳಿಗೆ ಹಾಕುವ ಮೊದಲು ಪರೀಕ್ಷೆಗೆಂದು, ಪುಣೆಯ ಎಂಜಿನಿಯರೊಬ್ಬರು ಬೆಲ್ಟಿನ ಚೌಕಟ್ಟಿನುದ್ದಕ್ಕೂ ಒಂದು ಕೇಬಲ್ ಕಟ್ಟಿ ಹೋಗಿದ್ದರು. ಒಳಗೆ ಕೂದಲೆಳೆಯಂಥ ಗಾಜು, ಅದರಲ್ಲಿ ಓಡುವ ಬೆಳಕು. ಯಾವ ರೋಲರ್ ಕೆಟ್ಟು ಅದುರಿದರೂ ಎಷ್ಟನೇ ಮೀಟರಿನಲ್ಲಿ ಎಂದು ಪರದೆ ಹೇಳುತ್ತದಂತೆ. ಮೂರು ವಾರ ಅದು ತುಟಿ ಪಿಟಕ್ಕೆನ್ನಲಿಲ್ಲ. ಮಿಸ್ತ್ರಿ ಕಾಕಾ ದಿನಾ ಕಾಲೆಳೆಯುತ್ತಿದ್ದ: "ಸಾಹೇಬ್ರ, ನಿಮ್ಮ ಗಾಜಿನ ದಾರ ಮಲ್ಕೊಂಡೈತೇನ್ರಿ?"

ಅವತ್ತು ಮಧ್ಯಾಹ್ನ ಅರವತ್ತನೇ ಮೀಟರಿನಲ್ಲಿ ಗೆರೆ ಜಿಗಿಯಿತು. ಮೂರು ಬಡಿತ, ತುಸು ಬಿಡುವು, ಮತ್ತೆ ಮೂರು. ಕೂಡಲೇ ಪುಣೆಗೆ ಫೋನ್ ಹಚ್ಚಿ, "ಸಾಪಡ್ಲಾ ಸರ್! ಕೆಟ್ಟ ರೋಲರ್ ಸಿಕ್ತು!" ಎಂದು ಕೂಗಿದೆ. ಕಾಕಾನನ್ನೂ ಕರೆದು ತೋರಿಸಿದೆ. ನೋಡುನೋಡುತ್ತ ಅವನ ಮುಖ ಬಿಳಿಚಿತು.

"ರೋಲರ್ ನಡುನಡುವ ದಣಿವಾರಿಸ್ಕೊಳ್ತೈತೇನ್ರಿ? ಯಾರೋ ಬಡ್ಯಾಕತ್ತಾರ!"

ಅಯ್ಯೋ ದೇವರೇ! ಸ್ವಿಚ್ ಆರಿಸಿ ಓಡಿದೆವು. ಬೆಲ್ಟಿನ ಕೆಳಗೆ ಬಿದ್ದ ಖಡಿ ಬಳಿಯುವ, ನಾವೆಲ್ಲ ಮಾವಶಿ ಎಂದು ಕರೆಯುತ್ತಿದ್ದ ಹೆಂಗಸಿನ ಸೆರಗು ರೋಲರಿಗೆ ಸುತ್ತಿ ಸಿಕ್ಕಿಬಿದ್ದು, ಆಕೆಯನ್ನು ಚೌಕಟ್ಟಿಗೆ ಅಂಟಿಸಿಬಿಟ್ಟಿತ್ತು. ಭುಜವೆಲ್ಲ ರಕ್ತ. ಮಷಿನಿನ ಗದ್ದಲದಲ್ಲಿ ಅವಳ ಕೂಗು ಯಾರಿಗೂ ಕೇಳಿರಲಿಲ್ಲ; ಕೈಗೆ ಸಿಕ್ಕ ಕಲ್ಲಿನಿಂದ ಕಬ್ಬಿಣ ಬಡಿಯುತ್ತಿದ್ದಳು. ಅದನ್ನು ನೋಡಿ ನಾನು ಕುಣಿದಿದ್ದೆ!

ಕಾಕಾ ಸೆರಗು ಕೊಯ್ದು ಬಿಡಿಸಿದ. ಹೆದರಿಕೆಗೆ ನನ್ನ ಬಾಯಿಂದ ಬಂದದ್ದು ಸಿಟ್ಟೇ: "ಬೆಲ್ಟ್ ನಿಲ್ಸೋ ಹಗ್ಗ ಇತ್ತಲ್ಲ ಮಾವಶಿ, ಎಳೀಬಾರ್ದಿತ್ತೇನ?"

"ನೀವ ಮ್ಯಾಲ ಕಟ್ಟೀರಲ್ರಿ ಸಾಹೇಬ್ರ. ಕೈ ಮುಟ್ಟಲಿಲ್ಲ."

ಹೌದು, ನಾನೇ. ಖಡಿ ಬಳಿಯುವ ಹೆಣ್ಣುಮಕ್ಕಳು ರೊಟ್ಟಿ ಗಂಟನ್ನು ಆ ಹಗ್ಗಕ್ಕೆ ಜೋತುಹಾಕುತ್ತಿದ್ದರು. ಭಾರಕ್ಕೆ ಬೆಲ್ಟ್ ಮತ್ತೆ ಮತ್ತೆ ನಿಲ್ಲುತ್ತಿತ್ತು. ಹಿಂದಿನ ವಾರ ತಲೆಕೆಟ್ಟು, ಬಾಯಿಗೆ ಬಂದಂತೆ ಬೈದು, ಸ್ಟೂಲ್ ಹತ್ತಿ ಅದನ್ನು ಮೇಲಿನ ಪಟ್ಟಿಗೆ ಬಿಗಿದಿದ್ದೆ.

ಜೀಪು ಬರುವ ತನಕ ಆಕೆಯನ್ನು ಗೋಡೆಗೆ ಒರಗಿಸಿದರು. ನಾನು ಅದೇ ಸ್ಟೂಲ್ ಎಳೆದು ಹತ್ತಿದೆ. ನಾನೇ ಬಿಗಿದ ಹಗ್ಗದ ಗಂಟು ಬೆರಳಿಗೆ ಬಿಚ್ಚಲೊಲ್ಲದು. ಹಲ್ಲು ಹಚ್ಚಿ ಜಗ್ಗತೊಡಗಿದೆ.

ಕೆಳಗಿನಿಂದ ಮಾವಶಿಯ ದನಿ ಬಂತು: "ನಿಧಾನ್ರಿ ಸಾಹೇಬ್ರ, ಬಿದ್ದ್ ಗಿದ್ದೀರಿ."