ಮನಿಗಷ್ಟೋ, ಗಾಡಿಗೂ ಸೇರಿಯೋ

ಪ್ರೆಶರ್ ವಾಷರ್ ಕೊಳ್ಳಲು ಹೋದವರನ್ನು ಅಂಗಡಿಯವರು ಮೊದಲು ಕೇಳುವ ಪ್ರಶ್ನೆ ಒಂದೇ ಇರಬೇಕು. ಗದಗಿನ ಅಂಗಡಿಯಲ್ಲಿ ನಮ್ಮನ್ನೂ ಅದನ್ನೇ ಕೇಳಿದರು.

“ಮನಿಗಷ್ಟೋ, ಗಾಡಿಗೂ ಸೇರಿಯೋ, ಅಮ್ಮಾರ?”

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಉತ್ತರ ಕೊಟ್ಟುಬಿಟ್ಟಳು. “ಮನಿಗಷ್ಟ ಸಾಕ್ರಿ.”

ಅಂಗಡಿಯವರು ತಲೆಯಾಡಿಸಿ ಸಣ್ಣ ಮಶಿನ್ನುಗಳ ಕಡೆ ಹೊರಟರು. ನಾನು ಪರ್ಸು ಹಿಡಿದುಕೊಂಡು ನಿಂತಲ್ಲೇ ನಿಂತೆ. ಅಷ್ಟೇ ಮಾತಿನಲ್ಲಿ ನನ್ನ ಕಾರಿನ ತೀರ್ಮಾನ ಆಗಿಹೋಗಿತ್ತು. ಕಾರು ಮನೆಯಲ್ಲಿ ಉಳಿಯುವುದಿದ್ದರೆ ತಾನೇ ಅದನ್ನು ತೊಳೆಯುವ ಮಶಿನ್ ಬೇಕು?

ಬೆಟಗೇರಿಯ ನಮ್ಮ ಮನೆಯಲ್ಲಿ ಮೂವರಿದ್ದೇವೆ. ನಾನು, ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ಮಗಳು, ಮುಂಡರಗಿಯ ಬ್ಯಾಂಕಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಅಳಿಯ. ಮಗಳಿಗೆ ಸ್ಕೂಟರ್ ಇದೆ. ಅಳಿಯನಿಗೆ ಕಾರೆಂದರೆ ಹೊಟ್ಟೆ ತೊಳಸುತ್ತದೆ. ಓಡಿಸಲು ಕಲಿಯುವ ಮಾತೇ ಇಲ್ಲ. ಹಾಗಾಗಿ ಕಾರು ನನ್ನೊಬ್ಬಳದೇ. ಈಗಿಲ್ಲದ ನಮ್ಮ ಮನೆಯವರು ಸೀರೆ ವ್ಯಾಪಾರ ಮಾಡುತ್ತಿದ್ದ ಕೊನೆಯ ವರ್ಷಗಳಲ್ಲಿ ಕೊಂಡದ್ದು. ಅವರೇ ನನಗೆ ಹೊಂಬಳದ ರಸ್ತೆಯಲ್ಲಿ, ಬಿಸಿಲೇರುವ ಮೊದಲು, ಡ್ರೈವಿಂಗ್ ಕಲಿಸಿದರು. ಪಕ್ಕದಲ್ಲಿ ಕೈಕಟ್ಟಿ ಕುಳಿತುಕೊಳ್ಳುತ್ತಿದ್ದರು. ಎದುರಿಗೆ ಟ್ರ್ಯಾಕ್ಟರ್ ಬಂದರೂ ಬಾಯಿ ಬಿಡುತ್ತಿರಲಿಲ್ಲ. ಅವರ ಬಲಗಾಲು ಮಾತ್ರ ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ಈಗಲೂ ಒಬ್ಬಳೇ ಹೋಗುವಾಗ ನಾನು ಆ ಪಕ್ಕದ ಸೀಟಿನ ಮೇಲೆ ಏನನ್ನೂ ಇಡುವುದಿಲ್ಲ. ಸಿಲ್ಲಿ, ಐ ನೋ.

ಕಾರಿನಲ್ಲಿ ನಾನು ತಪ್ಪದೆ ಹೋಗುವುದು ಅಡರಕಟ್ಟಿಗೆ. ಅಲ್ಲಿ ನನ್ನ ನಾದಿನಿ ಇದ್ದಾಳೆ, ನಮ್ಮ ಮನೆಯವರ ತಂಗಿ; ಅತ್ತಿಗೆಯೆಂದು ನನ್ನನ್ನು ವೈನಿ ಎನ್ನುತ್ತಾಳೆ. ಲಕ್ಷ್ಮೇಶ್ವರದ ಬಸ್ಸು ಹಿಡಿದು, ಇಳಿದು, ಮತ್ತೊಂದಕ್ಕೆ ಕಾಯುತ್ತ ನಿಲ್ಲಲು ನನ್ನ ಮೊಣಕಾಲು ಒಪ್ಪುವುದಿಲ್ಲ. ಅವಳಿಗೂ ಹೊಲ ಬಿಟ್ಟು ಬರಲಾಗದು. ಕಾರು ಹೋಯಿತೆಂದರೆ ನಾವಿಬ್ಬರೂ ಫೋನಿನಲ್ಲಿ ಕೆಮ್ಮು ಕೇಳಿಸಿಕೊಳ್ಳುವುದಷ್ಟೇ ಉಳಿಯುತ್ತದೆ.

ಕಳೆದ ಶೇಂಗಾ ಸುಗ್ಗಿಯಲ್ಲಿ ಅವಳು ಫೋನ್ ಮಾಡಿದ್ದಳು. “ವೈನಿ, ಹೊಲದಾಗ ಹಸಿ ಶೇಂಗಾ ಸುಡತೀವಿ. ಮಗಳನ್ನೂ ಕರ್ಕೊಂಡು ಬಾ.” ಹೋದೆವು. ಟಾರು ರಸ್ತೆ ಮುಗಿದಲ್ಲಿ ನಿಲ್ಲಿಸದೆ ನಾನು ಹೊಲದ ದಾರಿಗೇ ಕಾರು ಇಳಿಸಿದೆ. ಊಟ ಮುಗಿಯುವಷ್ಟರಲ್ಲಿ ಮಳೆ ಹೊಡೆಯಿತು. ಎರೆಮಣ್ಣಿನ ಸ್ವಭಾವ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಚಕ್ರ ತಿರುಗಿದಷ್ಟೂ ಕಾರು ಕುಳಿತುಕೊಂಡಿತು. ಕೊನೆಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಕಾಯಿತು. ನಾದಿನಿ ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದು ನಿಂತು ನಗುತ್ತಿದ್ದಳು.

“ಇಂಗ್ಲೀಷ್ ಕಲತ ಮಂದಿ ಧೈರ್ಯ ನೋಡ್ರಿ! ಮಳಿ ಬಂದಾಗ ನಮ್ಮ ಎತ್ತುನೂ ಇಲ್ಲಿ ಕಾಲಿಡೂದಿಲ್ಲ.”

ಆ ಸಂಜೆ ಕಾರನ್ನು ಎತ್ತಿನ ನಡಿಗೆಯಲ್ಲೇ ನಿಧಾನ ಓಡಿಸುತ್ತ ಮನೆಗೆ ಬಂದೆವು. ಮರುದಿನ ಬಕೆಟ್ಟು, ಬಟ್ಟೆ ತಗೊಂಡು ಕಾರಿನ ಹೊರಮೈ ತೊಳೆಸಿದೆ. ನೋಡಲು ಕ್ಲೀನ್ ಆಯಿತು.

ಮುಂದಿನ ತಿಂಗಳು ಮತ್ತೆ ಅಡರಕಟ್ಟಿಗೆ ಹೋಗುವಾಗ, ಶಿರಹಟ್ಟಿ ದಾಟಿ ರಸ್ತೆ ಹಸನಾದಲ್ಲಿ ವೇಗ ಹೆಚ್ಚಿಸಿದೆ. ಸ್ಟೀರಿಂಗ್ ನಡುಗತೊಡಗಿತು. ಮಗಳು ಪಕ್ಕದಲ್ಲಿದ್ದಳು.

“ಮಮ್ಮಿ, ನಿನ್ನ ಕೈ ನಡಗಾಕತ್ತಾವು.”

“ಕೈ ಅಲ್ಲ, ಸ್ಟೀರಿಂಗ್.”

“ಸ್ಟೀರಿಂಗ್ ತಾನ ಯಾಕ ನಡಗತೈತಿ? ಹಿಡದವರು ಯಾರು?”

ಗ್ಯಾರೇಜಿನಲ್ಲಿ ತೋರಿಸಿದೆ. ಅವರು ಬೆಟಗೇರಿಯ ಗಲ್ಲಿಗಳಲ್ಲೇ ಒಂದು ಸುತ್ತು ಹೊಡೆದು, “ಗಾಡಿ ಫಸ್ಟ್ ಕ್ಲಾಸ್ ಐತ್ರಿ” ಎಂದು ಕೀಲಿ ವಾಪಸು ಕೊಟ್ಟರು. ಗಲ್ಲಿಯಲ್ಲಿ ನಿಧಾನವಾಗಿ ಹೋಗುವಾಗ ನನಗೂ ನಡುಕ ಇರುತ್ತಿರಲಿಲ್ಲ. ಅಂದಮೇಲೆ ನಡುಕ ನನ್ನ ಕೈಯದೇ ಎಂದುಕೊಂಡೆ.

ನಾನು ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಬೆಳಗಿನ ಅಸೆಂಬ್ಲಿ ಮುಗಿದ ಕೂಡಲೇ ಸಿಸ್ಟರ್ “ಹ್ಯಾಂಡ್ಸ್ ಔಟ್, ಗರ್ಲ್ಸ್” ಎನ್ನುತ್ತಿದ್ದರು. ಎರಡೂ ಕೈ ಮುಂದೆ ಚಾಚಬೇಕು. ಅವರು ಸಾಲಿನುದ್ದಕ್ಕೂ ಉಗುರು ನೋಡುತ್ತ ಬರುತ್ತಿದ್ದರು. ಆಗ ಹೆದರಿಕೆಗೆ ಕೈ ನಡುಗುತ್ತಿದ್ದವು. ಈಗ ಕೇಳುವವರು ಯಾರೂ ಇಲ್ಲದಿದ್ದರೂ ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದು ಕೈ ಚಾಚಿ ನಿಲ್ಲತೊಡಗಿದೆ. ಎಡಗೈ ಸ್ಟೆಡಿ. ಬಲಗೈಯ ಬೆರಳುಗಳು ಅಲುಗುತ್ತಿದ್ದವು. ಬಹಳವಲ್ಲ, ಎದುರು ಮನೆಯವರು ಒಣಹಾಕಿದ ನೂಲಿನ ಎಳೆ ಗಾಳಿಗೆ ಅಲುಗುವಷ್ಟು. ಮಗಳಿಗೆ ಹೇಳಲಿಲ್ಲ.

ಅವಳು ಹೇಳಬೇಕಾದದ್ದನ್ನು ಹೇಳಿದಳು. ನನ್ನನ್ನು ಮಮ್ಮಿ ಎಂದೇ ಕರೆಯುವವಳು, ಜಗಳಕ್ಕೆ ನಿಂತಾಗ ಮಾತ್ರ ಅವ್ವಾ ಎನ್ನುತ್ತಾಳೆ. “ಅವ್ವಾ, ಇನ್ನ ಸಾಕು. ಶಿರಹಟ್ಟಿ ಕಡೆಯವರೊಬ್ರು ಹಳೇ ಕಾರು ಹುಡುಕಾಕತ್ಯಾರಂತ. ರವಿವಾರ ನೋಡಾಕ ಬರ್ತಾರ. ನಿನಗೇನರ ಆದ್ರ ನಾ ಯಾರ ಮಾರಿ ನೋಡ್ಲಿ?”

ನಾನು ಆಗಲಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಫೈನ್, ಎಂದೆ. ಅದು ಎರಡೂ ಅಲ್ಲದ ಮಾತು.

ಅದೇ ವಾರ ಅಳಿಯ ಅಂಗಳದ ಫರಸಿ ಕಲ್ಲಿನ ಮೇಲೆ ಜಾರಿ ಕುಳಿತ. ಮಳೆಗಾಲದ ಪಾಚಿ ಕಲ್ಲಿಗೆ ಕಪ್ಪಗೆ ಅಂಟಿಕೊಂಡಿತ್ತು; ತಿಕ್ಕಿ ತೊಳೆಯಲು ಯಾರಿಗೂ ಸೊಂಟವಿಲ್ಲ. ಹಾಗೆ ಬಂತು ಪ್ರೆಶರ್ ವಾಷರಿನ ಮಾತು. ಹಾಗೆ ನಾವು ಶುಕ್ರವಾರ ಆ ಅಂಗಡಿಗೆ ಹೋದದ್ದು.

ಮಗಳು ಫೋನಿನಲ್ಲಿ ನೋಡಿಟ್ಟುಕೊಂಡಿದ್ದ ಹಳದಿ ಬಣ್ಣದ ಮಶಿನ್ ಅಲ್ಲಿತ್ತು. ನೋಡಲು ಚಂದ, ಹಗುರ. ಅವಳು ಅದಕ್ಕೇ ಕೈ ಹಾಕಿದಳು. ನಾನು ಒಂದು ಮಾತು ಕೇಳಿದೆ.

“ನಮ್ಮಲ್ಲಿ ನಳ ಬರೂದು ಯಾವಾಗ್ಲೋ. ಬಂದ ನೀರು ನೆಲದ ಟಾಕಿಯೊಳಗ ತುಂಬಿಟ್ಟಿರತೀವಿ. ಬಕೆಟ್‌ನ್ಯಾಗಿನ ನೀರು ಇದು ಜಗ್ಗತೈತೇನ್ರಿ?”

“ಚಲೋ ಕೇಳಿದ್ರಿ, ಅಮ್ಮಾರ. ಇದು ಜಗ್ಗೂದಿಲ್ಲ. ಇದಕ್ಕ ನಳದ ನೀರು ತಾನ ನುಗ್ಗಿ ಬರಬೇಕು.”

“ಹಂಗಂದ್ರ ನಮ್ಮೂರಾಗ ಇದನ್ನ ಯಾಕ ಇಟ್ಟೀರಿ?” ಎಂದಳು ಮಗಳು.

“ತಗೊಳ್ಳವರು ಕೇಳೂದಿಲ್ಲಲ್ರಿ, ಮೇಡಂ. ಒಯ್ದು, ಹೊಳ್ಳಿ ತಂದು, ನನ್ನ ಬೈತಾರ.”

ಹೀಗೆ ಹಳದಿ ಮಶಿನ್ ಬಿಟ್ಟುಹೋಯಿತು. ಬಕೆಟ್ಟಿನ ನೀರು ಎಳೆಯುವಂಥವು ಎರಡು ಉಳಿದವು. ಟು ಬಿ ಫೇರ್, ಅಂಗಡಿಯವರು ಎರಡನ್ನೂ ಸಮಾಧಾನದಿಂದ ತಿಳಿಸಿ ಹೇಳಿದರು. ಸಣ್ಣದನ್ನು ಒಂದು ಕೈಯಲ್ಲಿ ಎತ್ತಬಹುದು. ಫರಸಿಗೆ, ಸ್ಕೂಟರಿಗೆ, ಕಿಟಕಿಯ ಜಾಲರಿಗೆ ಸಾಕು. ಆದರೆ ಸ್ವಲ್ಪ ಹೊತ್ತು ಓಡಿಸಿ ಅದಕ್ಕೆ ವಿಶ್ರಾಂತಿ ಕೊಡಬೇಕು, ಇಲ್ಲದಿದ್ದರೆ ಮೋಟರು ಕಾದು ಕೆಡುತ್ತದೆ. ದೊಡ್ಡದಕ್ಕೆ ಗಾಲಿಗಳಿವೆ, ತೂಕ ಹೆಚ್ಚು, ಸದ್ದು ಕಡಿಮೆ, ನೀರಿನ ಹೊಡೆತ ಜೋರು. ಕಾರಿನ ಕೆಳಗಿನ ಮಣ್ಣಿಗೆ ಅದೇ ಆಗಬೇಕು. ಎರಡಕ್ಕೂ ದಪ್ಪ ಪಿನ್ನಿನ ಪ್ಲಗ್ಗೇ ಬೇಕು. ಪೇಂಟಿನ ಹತ್ತಿರ ನೇರ ಧಾರೆ ಹಿಡಿಯಬಾರದು, ಬೀಸಣಿಗೆಯಂತೆ ಹರಡುವ ನಾಜಲ್ ಹಾಕಬೇಕು. ಎಲ್ಲವನ್ನೂ ನಾನು ತಲೆಯಾಡಿಸುತ್ತ ಕೇಳಿದೆ, ಕಾರು ನನಗೆ ಉಳಿಯುತ್ತದೆ ಎಂಬಂತೆ.

“ನಾಳಿ ಮುಂಜಾನೆ ಎರಡೂ ಮನಿಗೆ ತಂದು ತೋರಸ್ತೀನಿ. ಬ್ಯಾಡಾದದ್ದನ್ನ ಸಂಜೀಕ ಒಯ್ತೀನಿ,” ಎಂದರು ಅವರು.

“ದೊಡ್ಡದು ಯಾಕ್ರಿ ಸುಮ್ನ?” ಎಂದಳು ಮಗಳು.

“ಗಾಡಿ ಐತೆಂದ್ರಲ್ರಿ, ಅಮ್ಮಾರು.”

ಮಗಳು ನನ್ನ ಕಡೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಅವಳು ಸೋಪಿನ ನೊರೆಯ ಬಾಟಲಿ ನೋಡುತ್ತಿದ್ದಾಗ ನಾನೇ ಹೇಳಿದ್ದೆ.

ಶನಿವಾರ ಅವರು ಟೆಂಪೋದಲ್ಲಿ ಎರಡನ್ನೂ ತಂದರು. ದಪ್ಪ ಪಿನ್ನಿನ ಸಾಕೆಟ್ ನಮ್ಮಲ್ಲಿ ಅಡುಗೆಮನೆಯಲ್ಲಿ ಮಾತ್ರ. ಕಿಟಕಿಯಿಂದ ವಾಯರು ಎಳೆದೆವು. ಟಾಕಿಯಿಂದ ನೀರೆತ್ತಿ ಬಕೆಟ್ಟುಗಳನ್ನು ತುಂಬಿದೆವು. ಸಣ್ಣ ಮಶಿನ್ ಫರಸಿಯ ಮೇಲೆ ಹಾದುಹೋದಲ್ಲೆಲ್ಲ ಪಾಚಿ ಕಿತ್ತುಹೋಗಿ ಕಲ್ಲಿನ ಹಳೆಯ ಬೂದಿ ಬಣ್ಣ ಎದ್ದು ಬಂತು. ಪೈಪು ಬಿಟ್ಟು ತೊಳೆದಿದ್ದರೆ ಟಾಕಿಯೇ ಖಾಲಿಯಾಗುತ್ತಿತ್ತು. ಇದು ಕೆಲವೇ ಬಕೆಟ್ಟುಗಳಲ್ಲಿ ಮುಗಿಸಿತು.

“ಮುಗೀತಲ್ಲ. ಇದ ಸಾಕು,” ಎಂದಳು ಮಗಳು.

“ನಾಳೆ ಕಾರು ನೋಡಾಕ ಬರ್ತಾರಲ್ಲ,” ಎಂದೆ. “ಹೊಲಸು ಗಾಡಿ ತೋರಿಸೂದು ಚಂದ ಕಾಣೂದಿಲ್ಲ. ಒಮ್ಮಿ ತೊಳಿಯೋಣು.”

ಅವಳೇ ಇನ್ನೊಂದು ಬಕೆಟ್ಟು ತುಂಬಿ ತಂದಳು. ಅಂಗಡಿಯವರು ಸಣ್ಣ ಮಶಿನ್ನಿನಿಂದ ಕಾರಿನ ಮೈ ತೊಳೆದರು, ಹೊಳೆಯಿತು. ಚಕ್ರದ ಮೇಲಿನ ಬಾಗಿದ ಜಾಗದಲ್ಲಿ ಒಣಗಿದ ಎರೆಮಣ್ಣು ಒದ್ದೆಯಾಯಿತೇ ಹೊರತು ಅಲುಗಲಿಲ್ಲ. ದೊಡ್ಡದನ್ನು ಹಚ್ಚಲು ಹೇಳಿ, ನೀರು ಹೊಡೆಯುವ ಗನ್ ನಾನೇ ಇಸಕೊಂಡೆ. ಒತ್ತಿದ ಕೂಡಲೇ ಅದು ತೋಳನ್ನು ಹಿಂದಕ್ಕೆ ನೂಕಿತು. ತಡೆದುಕೊಂಡೆ. ಆದರೆ ಬೆರಳು ಗನ್ನಿನ ಕುದುರೆಯ, ಅಂದರೆ ಟ್ರಿಗರಿನ, ಮೇಲೆ ನಿಲ್ಲಲಿಲ್ಲ. ಧಾರೆ ಬಂತು, ನಿಂತಿತು, ಬಂತು, ನಿಂತಿತು. ಮಗಳು ನೋಡುತ್ತಿದ್ದಳು. ಅವಳು ನನ್ನ ಕೈಯಿಂದ ಗನ್ ತಗೊಂಡು ಅಂಗಡಿಯವರಿಗೆ ಕೊಟ್ಟಳು. ಅವಳು ಒಂದು ಮಾತು ಬೈದಿದ್ದರೂ ಚೆನ್ನಾಗಿತ್ತು.

ಅಂಗಡಿಯವರು ಮಂಡಿಯೂರಿ, ಕಾರಿನ ಕೆಳಗಿನಿಂದ ಎಡ ಮುಂಚಕ್ರದ ಒಳಮೈಗೆ ಧಾರೆ ಹಿಡಿದರು. ಕಪ್ಪು ನೀರು ಹರಿಯಿತು. ಆಮೇಲೆ ಧಪ್ ಎಂದು ಏನೋ ಫರಸಿಗೆ ಬಿತ್ತು. ಅವರು ಕೈ ಹಾಕಿ ಎಳೆದರು. ಅರ್ಧ ರೊಟ್ಟಿಯಷ್ಟು ಅಗಲದ, ಇಟ್ಟಿಗೆಯಷ್ಟು ದಪ್ಪದ ಎರೆಮಣ್ಣಿನ ಹೆಂಟೆ. ಒಂದು ಬದಿಯಲ್ಲಿ ಚಕ್ರದ ಬಾಗು ಅಚ್ಚೊತ್ತಿದಂತೆ ಮೂಡಿತ್ತು. ಇನ್ನೊಂದು ಬದಿಯಲ್ಲಿ ಶೇಂಗಾ ಬಳ್ಳಿಯ ತುಂಡು, ಅದಕ್ಕೆ ಅಂಟಿದ ಒಂದು ಕಾಯಿ.

“ಅಡರಕಟ್ಟಿ ಹೊಲ,” ಎಂದೆ.

ಮಗಳು ಅದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದಳು. ಎದುರು ಮನೆಯಲ್ಲಿ ನೂಲು ಸುತ್ತುವ ರಾಟಿಯ ಸದ್ದು ಕೇಳುತ್ತಿತ್ತು. ಆ ರಾಟಿಯ ಒಂದೇ ಬದಿಗೆ ಏನಾದರೂ ಸಿಕ್ಕಿಕೊಂಡರೆ ಇಡೀ ರಾಟಿ ಕುಣಿಯುತ್ತದೆ. ನಿಧಾನ ತಿರುಗಿಸಿದರೆ ಗೊತ್ತಾಗುವುದಿಲ್ಲ, ಜೋರಾಗಿ ತಿರುಗಿಸಿದಾಗಲೇ ಕುಣಿತ. ಇಷ್ಟು ವರ್ಷ ಕೇಳಿದ ಆ ಕುಣಿತದ ಸದ್ದು ಆಗ ನೆನಪಿಗೆ ಬಂತು; ಕಾರಿನ ಚಕ್ರಕ್ಕೂ ಇದೇ ಆಗಿರಬೇಕು. ನಾನು ಒಳಗೆ ಹೋಗಿ ಕಾರಿನ ಕೀಲಿ ತಂದೆ.

“ಕುಂಡ್ರು,” ಎಂದೆ ಮಗಳಿಗೆ. “ಮುಂಡರಗಿ ರೋಡಿಗೆ ಹೋಗಿ ಬರೋಣು.”

“ಅವ್ವಾ...”

“ಇದೊಂದ ಸಲ. ಆಮ್ಯಾಲ ಶಿರಹಟ್ಟಿಯವರು ಒಯ್ಲಿ ಬೇಕಾದ್ರ.”

ಅಂಗಡಿಯವರು ಮಶಿನ್ನುಗಳನ್ನು ನೆರಳಿಗೆ ಸರಿಸಿ, ಸಂಜೆ ಬರುವುದಾಗಿ ಹೇಳಿ ಹೋದರು. ನಾವು ಊರು ದಾಟಿದೆವು. ರಸ್ತೆ ನೆಟ್ಟಗೆ, ಎರಡೂ ಕಡೆ ಜೋಳ. ನಡುಕ ಶುರುವಾಗುತ್ತಿದ್ದ ವೇಗ ಬಂತು. ಸ್ಟೀರಿಂಗ್ ಸುಮ್ಮನಿತ್ತು. ಮಗಳು ರಸ್ತೆ ನೋಡುತ್ತಿರಲಿಲ್ಲ, ನನ್ನ ಕೈಗಳನ್ನೇ ನೋಡುತ್ತಿದ್ದಳು. ಅವಳ ಬಲಗಾಲು ಅಲ್ಲಿಲ್ಲದ ಬ್ರೇಕಿನ ಮೇಲಿತ್ತು.

“ಇನ್ನೊಂಚೂರು ಜೋರು ಹೊಡಿ,” ಎಂದಳು. ಹೊಡೆದೆ. ಅವಳು ತನ್ನ ಅಂಗೈಯನ್ನು ಸ್ಟೀರಿಂಗಿನ ಅಂಚಿಗೆ ಮುಟ್ಟಿಸಿ ನೋಡಿ ತೆಗೆದಳು.

“ಏನೂ ಇಲ್ಲ.”

“ಇಲ್ಲ.”

ಬೇವಿನ ಮರದ ನೆರಳಿನಲ್ಲಿ ಕಾರು ನಿಲ್ಲಿಸಿದೆ. ಸುಮ್ಮನಿದ್ದಿದ್ದರೆ ಗೆದ್ದಂತೆಯೇ ಇತ್ತು. ಆದರೆ ಎರಡೂ ಕೈ ಮುಂದೆ ಚಾಚಿ ಅವಳಿಗೆ ತೋರಿಸಿದೆ.

“ಇದು ಸ್ಟೀರಿಂಗ್ ಅಲ್ಲ. ಬಲಗೈ ಒಂಚೂರು ನಡಗತೈತಿ. ಖರೆ ಹೇಳ್ತೀನಿ. ಹಿಡಕೊಂಡ್ರ ನಿಲ್ತೈತಿ.”

ಅವಳು ನನ್ನ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡಳು. “ಯಾವಾಗಿಂದ?”

“ಗೊತ್ತಿಲ್ಲ. ನೀ ಅಂದ ಮ್ಯಾಲ ನೋಡಾಕ ಶುರು ಮಾಡಿದೆ.”

“ಡಾಕ್ಟರಿಗೆ ತೋರಸೂದು. ಅವ್ರು ಬ್ಯಾಡಂದ್ರ ಬ್ಯಾಡ. ಹೂಂ ಅಂದ್ರ, ಹೊತ್ತು ಮುಳುಗೂದ್ರಾಗ ಮನಿ ಮುಟ್ಟಬೇಕು. ಹೊಲಕ್ಕ ಕಾರು ಇಳಸೂದಂತೂ ಇಲ್ಲೇ ಇಲ್ಲ. ಆತೇನು, ಮಮ್ಮಿ?”

“ಆತು.”

ಮನೆಗೆ ಬಂದ ಕೂಡಲೇ ಅವಳು ಶಿರಹಟ್ಟಿಗೆ ಫೋನ್ ಮಾಡಿ, ಸದ್ಯಕ್ಕೆ ಬರುವುದು ಬೇಡವೆಂದು ಹೇಳಿದಳು. ನಾನು ಅಡರಕಟ್ಟಿಗೆ ಮಾಡಿದೆ. ಹೆಂಟೆಯ ಸುದ್ದಿ ಕೇಳಿ ನಾದಿನಿ, “ನಮ್ಮ ಮಣ್ಣು ತುಡುಗು ಮಾಡಿ ಒಯ್ದಿಯೇನ, ವೈನಿ? ಹೊಳ್ಳಿ ತಂದು ಕೊಡು ಮತ್ತ,” ಎಂದಳು.

ಸಂಜೆ ಅಂಗಡಿಯವರು ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿದರು. “ಯಾವದು ಒಯ್ಲಿ, ಅಮ್ಮಾರ?”

ಈ ಸಲವೂ ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳೇ ಹೇಳಿದಳು. “ಸಣ್ಣದು ಒಯ್ರಿ.”

ಡಾಕ್ಟರು ಕೈ ಹಿಡಿದು, ಬೆರಳು ಮೂಗಿಗೆ ಮುಟ್ಟಿಸಲು ಹೇಳಿ, ಕಾಗದದ ಮೇಲೆ ಸುರುಳಿ ಗೆರೆ ಬರೆಸಿ, ಸದ್ಯಕ್ಕೆ ಓಡಿಸಬಹುದು, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ಆರು ತಿಂಗಳು. ಐ ವಿಲ್ ಟೇಕ್ ಇಟ್.

ದೊಡ್ಡ ಮಶಿನ್ನಿನ ಕುದುರೆ ಇಂದಿಗೂ ನನ್ನ ಬೆರಳಿಗೆ ಬಗ್ಗುವುದಿಲ್ಲ. ಅಡರಕಟ್ಟಿಯಿಂದ ಬಂದ ಮರುದಿನ ಮಗಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಗನ್ ಹಿಡಿದು ಕೂರುತ್ತಾಳೆ. ನಿಂತ ಚಕ್ರದ ಒಳಮೈಗೆ ಎಲ್ಲ ಕಡೆ ನೀರು ಮುಟ್ಟುವುದಿಲ್ಲ. ಹಾಗಾಗಿ ನಾನು ಒಳಗೆ ಕುಳಿತು ಕಾರನ್ನು ಸ್ವಲ್ಪ ಸ್ವಲ್ಪವೇ ಸರಿಸಬೇಕು. ಮೋಟರಿನ ಸದ್ದಿನ ಮೇಲೆ ಅವಳ ಕೂಗು ಓಣಿಗೆಲ್ಲ ಕೇಳುತ್ತದೆ.

“ಒಂಚೂರು ಮುಂದ, ಮಮ್ಮಿ. ಇನ್ನೊಂಚೂರು. ಹಾಂ, ಅಲ್ಲೇ ನಿಂದ್ರಸು.”